ಪೋಖರಾವೋ, ಶ್ರೀನಗರವೋ?

ಪರ್ವತಗಳ ನಡುವಿನ ಸರೋವರನಗರವನ್ನು ನೋಡಬೇಕೆನ್ನುವವರಿಗೆ ಹಿಮಶಿಖರಗಳೇ ಮುಖ್ಯವಾದರೆ, ನಾನು ಹಿಂಜರಿಯದೆ ನೇಪಾಳದ ಪೋಖರಾವನ್ನು ಸೂಚಿಸುತ್ತೇನೆ. ಸುಮಾರು 800 ಮೀಟರ್ ಎತ್ತರದ ಈ ಕಣಿವೆಯಿಂದ ನೋಡಿದಾಗ 6,993 ಮೀಟರ್‌ನ ಮಚ್ಛಾಪುಚ್ಛ್ರೆ ಕಣ್ಣೆದುರೇ ಎದ್ದು ನಿಂತಂತೆ ಕಾಣುತ್ತದೆ; ಗಾಳಿಯಿಲ್ಲದ ಮುಂಜಾನೆ, ದೋಣಿಯ ಹುಟ್ಟು ನೀರನ್ನು ಕಲಕುವವರೆಗೂ, ಫೇವಾ ಸರೋವರದಲ್ಲಿ ಆ ಶಿಖರದ ಪ್ರತಿಬಿಂಬ ಅಲುಗಾಡದೆ ಉಳಿಯುತ್ತದೆ. ಆದರೆ ಇದು ಆಕಾಶ ತಿಳಿಯಾಗಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳ ಮಾತು. ಮಳೆಗಾಲದಲ್ಲಿ ಹೋದವರಿಗೆ ಶಿಖರದ ದರ್ಶನವೇ ಆಗದಿರಬಹುದು.

ಶ್ರೀನಗರದಲ್ಲಿ ಸರೋವರವೇ ಊರಿನ ಒಂದು ಭಾಗ. ದಾಲ್ ಸರೋವರದ ಹೌಸ್‌ಬೋಟ್‌ನಲ್ಲಿ ತಂಗಬಹುದು, ನಸುಕಿನಲ್ಲಿ ದೋಣಿಗಳ ಮೇಲೆಯೇ ನಡೆಯುವ ತರಕಾರಿ ಸಂತೆಯನ್ನು ಶಿಕಾರ ಎಂಬ ದೋಣಿಯಲ್ಲಿ ಕುಳಿತು ನೋಡಬಹುದು, ದಡದಲ್ಲಿರುವ ಶಾಲಿಮಾರ್ ಮತ್ತು ನಿಶಾತ್ ಎಂಬ ಮೊಘಲ್ ಉದ್ಯಾನಗಳಲ್ಲಿ ಕಾಲುವೆಯ ನೀರು ಮೆಟ್ಟಿಲುಮೆಟ್ಟಿಲಾಗಿ ಇಳಿದು ಬರುವುದನ್ನು ಕಾಣಬಹುದು. ವಯಸ್ಸಾದ ತಂದೆತಾಯಿಯರೊಂದಿಗೆ ಹೊರಟವರಿಗೆ, ಹೆಚ್ಚು ನಡೆಯದೆ ಇಷ್ಟೆಲ್ಲವನ್ನೂ ನೋಡಬಹುದಾದ ಶ್ರೀನಗರವೇ ಹಿತವೆಂಬುದು ನನ್ನ ಅಭಿಪ್ರಾಯ. ಡಿಸೆಂಬರ್ 21ರಿಂದ ನಲವತ್ತು ದಿನಗಳ ‘ಚಿಲ್ಲೈ ಕಲಾನ್’ ಚಳಿಯನ್ನು ಮಾತ್ರ ಅಂಥವರು ತಪ್ಪಿಸಬೇಕು.

ಪೋಖರಾಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಕಿಲ್ಲವಾದರೂ, ವಿಮಾನದಲ್ಲಿ ಹೋಗುವ 15ರಿಂದ 65 ವರ್ಷದೊಳಗಿನವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯನ್ನು ಜೊತೆಯಲ್ಲಿ ಒಯ್ಯಲೇಬೇಕು.