ಹನ್ನೆರಡೂವರೆಗೆ ಬಿಸಿ ರೊಟ್ಟಿ ಕೊಡುವ ಖಾನಾವಳಿ

ದಾವಣಗೆರೆ ಮಂಡಿಪೇಟೆ ಕಡೆಯ ಒಂದು ಓಣಿಯಲ್ಲಿ ಆರು ಮೇಜಿನ ರೊಟ್ಟಿ ಖಾನಾವಳಿ ಇದೆ. ಬೋರ್ಡೂ ಇಲ್ಲ. ಎಂಟು ತಿಂಗಳಿಂದ ನನ್ನ ಮಧ್ಯಾಹ್ನದ ಊಟ ಅಲ್ಲೇ.

ನನಗೆ ಮೈಗ್ರೇನ್ ಇದೆ. ಎಡಗಣ್ಣಿನ ಹಿಂದೆ ಮಿಡಿಯಲು ಶುರುವಾದರೆ ಬೆಳಕು, ಒಗ್ಗರಣೆ ವಾಸನೆ ಯಾವುದೂ ಆಗುವುದಿಲ್ಲ. ಒಂದೊಂದು ಸಲ ಎರಡು ದಿನ ಕತ್ತಲೆ ಕೋಣೆಯೇ ಗತಿ. ಬೆಣ್ಣೆ ದೋಸೆ ಬಿಡು, ಮೊಸರು ಬಿಡು, ಶೇಂಗಾ ಬಿಡು ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ದಾವಣಗೆರೆಯಲ್ಲಿದ್ದು ಬೆಣ್ಣೆ ದೋಸೆ ಬಿಡುವುದು ಸುಮ್ನೆ ಮಾತಲ್ಲ. ಒಂದು ವರ್ಷ ಬಿಟ್ಟೆ. ತಲೆನೋವು ಮಾತ್ರ ನನ್ನನ್ನು ಬಿಡಲಿಲ್ಲ.

ಆಮೇಲೆ ನರರೋಗದ ಡಾಕ್ಟರು ಒಂದು ನೋಟ್‌ಬುಕ್ ಇಡಲು ಹೇಳಿದರು. ಏನು ತಿಂದೆ, ಎಷ್ಟು ಗಂಟೆಗೆ, ನಿದ್ದೆ ಎಷ್ಟು, ಚಹಾ ಎಷ್ಟು, ಮುಟ್ಟಿನ ದಿನ ಯಾವುದು, ಎಲ್ಲಾ ಬರೆದೆ. ಮೂರು ತಿಂಗಳಲ್ಲಿ 11 ಸಲ ತಲೆನೋವು. ಅದರಲ್ಲಿ 8 ಸಲ ಊಟ ಮಧ್ಯಾಹ್ನ ಮೂರು ದಾಟಿತ್ತು! ನಾನು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಗಿರಾಕಿ ಜಾಸ್ತಿ ಇದ್ದರೆ ಊಟ ಹಿಂದಕ್ಕೆ ಹೋಗುತ್ತಿತ್ತು. ಗೋಬಿ ಮಂಚೂರಿ ತಿಂದ ಎರಡು ಸಂಜೆಯೂ ತಲೆ ಹಿಡಿದಿತ್ತು, ಟೇಸ್ಟಿಂಗ್ ಪೌಡರ್ ಮೇಲೆ ತಪ್ಪು ಹೊರಿಸಿದ್ದೆ. ನೋಟ್‌ಬುಕ್ ತೆಗೆದು ನೋಡಿದರೆ ಆ ಎರಡು ದಿನವೂ ಮಧ್ಯಾಹ್ನದ ಊಟವೇ ಇಲ್ಲ. ಗೋಬಿ ಈಗಲೂ ತಿನ್ನುವುದಿಲ್ಲ. ಆದರೆ ಅದೇ ಕಾರಣ ಅಂತ ಹೇಳಲಾರೆ.

ಈ ಖಾನಾವಳಿಯಲ್ಲಿ 12.30ಕ್ಕೆ ತಟ್ಟೆ ಬರುತ್ತದೆ. ದಿನಾ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ ಇಲ್ಲವೇ ಪುಂಡಿ ಪಲ್ಯ, ಹೆಸರುಕಾಳು, ಗುರೆಳ್ಳು ಚಟ್ನಿ, ಮೊಸರು, ಅನ್ನ ಸಾರು. 80 ರೂಪಾಯಿ. ಅಕ್ಕ ರೊಟ್ಟಿ ಬಡಿಯುವುದು ಕೂತಲ್ಲಿಂದಲೇ ಕಾಣುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಹತ್ತಿರ ನಿಲ್ಲಿಸುತ್ತಾರೆ. ರೊಟ್ಟಿ ಉಬ್ಬಿ, ಅಂಚು ಒಡೆದು, ಹಬೆ ಹೊರಗೆ ಬರುತ್ತದೆ. ತಲೆ ಭಾರ ಇದ್ದ ದಿನವೂ ಆ ಜೋಳದ ವಾಸನೆ ನನಗೆ ಹಿಡಿಸುತ್ತದೆ.

ಮೊದಲ ವಾರ 'ಇದಕ್ಕೆ ಏನೇನು ಹಾಕಿದ್ದೀರಿ ಅಕ್ಕಾ' ಅಂತ ಕೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. ಒಳಗೆ ಕರೆದು ಮಸಾಲೆ ಡಬ್ಬಿಗಳ ಮುಚ್ಚಳ ತೆಗೆದು ತೋರಿಸಿದರು. ಇನ್ನೊಂದು ದಿನ ನನ್ನ ಮುಖ ನೋಡಿ, "ಯಾಕವ್ವಾ, ಕಣ್ಣು ಸಣ್ಣ ಆಗ್ಯಾವು? ಒಳಗ ಬಾ, ಅಲ್ಲಿ ಬೆಳಕು ಕಮ್ಮಿ ಐತಿ" ಅಂತ ಹಿಂದಿನ ಮೇಜಿಗೆ ಕೂರಿಸಿದರು. ಊಟದ ಜಾಗದಲ್ಲಿ ಇಷ್ಟು ಯಾರು ಗಮನಿಸುತ್ತಾರೆ ಹೇಳಿ?

ಒಂದು ತೊಂದರೆ ಇದೆ. ಒಂದೂವರೆ ಮೇಲೆ ಮಿರ್ಚಿ ಕರಿಯುತ್ತಾರೆ, ಘಾಟು ತಡೆಯುವುದಿಲ್ಲ. ನನ್ನಂಥವರು ಅಷ್ಟರೊಳಗೆ ಊಟ ಮುಗಿಸಿ ಏಳಬೇಕು. ಟಿವಿ ಸದ್ದೂ ಜಾಸ್ತಿ, ಹೇಳಿದರೆ ಕಡಿಮೆ ಮಾಡುತ್ತಾರೆ.

ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿಲ್ಲ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗಬಹುದು, ಅದಕ್ಕೇ ನಿಮ್ಮ ನೋಟ್‌ಬುಕ್ ನೀವೇ ಬರೆಯಬೇಕು. ನನ್ನದರಲ್ಲಿ ಕಳೆದ ಮೂರು ತಿಂಗಳಿಗೆ 4 ಸಲ ಮಾತ್ರ ತಲೆನೋವು ಅಂತಿದೆ.

ಭಾನುವಾರ ಖಾನಾವಳಿ ರಜೆ. ಅವತ್ತು ಬೆಳಿಗ್ಗೆ ಎಂಟೂವರೆಗೇ ಬೆಣ್ಣೆ ದೋಸೆ ತಿನ್ನುತ್ತೇನೆ. ಜೊತೆಗೆ ಬಿಳಿ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ.