ಹಳೇ ಎಸ್ಟೀಮ್‌ಗೆ ‘ರೇಸ್ ಸಸ್ಪೆನ್ಷನ್’ ಹಾಕಿಸೋಕೆ ಹೊರಟವರು ದಯವಿಟ್ಟು ಓದಿ

ಹೇಳೋಕೆ ನಾಚಿಕೆ ಆಗುತ್ತೆ. ಆದರೂ ಹೇಳ್ತೀನಿ, ಇನ್ನೊಬ್ಬರು ಆ ಗ್ಯಾರೇಜಿಗೆ ಕಾಲಿಡಬಾರದು.

ನಮ್ಮದು 2004ರ ಮಾರುತಿ ಎಸ್ಟೀಮ್ ಕಾರು, ಅಪ್ಪನ ಗಾಡಿ. ಹಗುರ ಬಾಡಿ, 1.3 ಲೀಟರ್ ಎಂಜಿನ್. ಆಟೋಕ್ರಾಸ್ (ಮೈದಾನದ ತಿರುವು ಟ್ರ್ಯಾಕಲ್ಲಿ ಸಮಯ ಅಳೆದು ನಡೆಸೋ ಕಾರ್ ರೇಸ್) ಓಡಿಸೋರು ಇವತ್ತಿಗೂ ಎಸ್ಟೀಮ್ ಹುಡುಕೋದು ಸುಮ್ನೆ ಅಲ್ಲ. ಆದರೆ ಹಳೇ ಶಾಕ್ ಅಬ್ಸಾರ್ಬರ್‌ಗಳಲ್ಲಿ ಜೀವವೇ ಇರಲಿಲ್ಲ, ತಿರುವಿನಲ್ಲಿ ಗಾಡಿ ವಾಲುತ್ತಿತ್ತು. ಬೆಂಗಳೂರಿನ ಜೆ.ಸಿ. ರೋಡಲ್ಲಿ ವಿಚಾರಿಸಿದಾಗ ಯಾರೋ ಈ ಗ್ಯಾರೇಜ್ ತೋರಿಸಿದರು. ಇಂಪೋರ್ಟೆಡ್ ಲೋವರಿಂಗ್ ಸ್ಪ್ರಿಂಗ್ (ಗಾಡಿಯನ್ನ ತಗ್ಗಿಸಿ ಕೂರಿಸೋ ಸ್ಪ್ರಿಂಗ್), ಗ್ಯಾಸ್ ಶಾಕ್ (ಒಳಗೆ ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್), ಫಿಟಿಂಗ್ ಸೇರಿ 46,000 ರೂ. ಬಾಕ್ಸ್ ಎಲ್ಲಿ ಅಂದೆ. “ಬರ್ತಾ ಹರಿದೋಯ್ತು ಸಾರ್.” ನನ್ನ ಹಳೇ ಪಾರ್ಟ್ಸ್? “ಗುಜರಿಗೆ ಹಾಕ್ಬಿಟ್ಟೆ, ಅದನ್ನ ಇಟ್ಕೊಂಡು ಏನ್ಮಾಡ್ತೀರಾ?” ಅಲ್ಲೇ ನನಗೆ ತಿಳೀಬೇಕಿತ್ತು. ಅಲ್ಲೇ!

ಆಟೋಕ್ರಾಸ್ ದಿನ ಬೆಳಿಗ್ಗೆ ಗಾಡಿ ತಪಾಸಣೆ. ಹಿರಿಯರೊಬ್ಬರು ಬಾನೆಟ್ ಮೇಲೆ ಕೈಯೂರಿ ಒತ್ತಿ ಬಿಟ್ಟರು. ಒಳಗೆ ‘ಟಕ್’ ಅಂತು. ಜ್ಯಾಕ್ ಹಾಕಿಸಿದರು. ಚಕ್ರ ಕೆಳಗೆ ಜೋತುಬಿದ್ದದ್ದೇ ತಡ, ಸ್ಪ್ರಿಂಗ್ ಅವರ ಕೈಯಲ್ಲಿ ಗಿರಗಿರ ತಿರುಗಿತು. ಬಿಗಿಯಾಗಿ ಕೂತಿರಬೇಕಾದ ಸ್ಪ್ರಿಂಗ್! ತುದಿಯಲ್ಲಿ ಗ್ರೈಂಡರ್ ಕೊಯ್ದ ಗುರುತು. ಉಗುರಲ್ಲಿ ಕೆಂಪು ಬಣ್ಣ ಕೆರೆದರೆ ಒಳಗೆ ಕಂಪನಿ ಕಪ್ಪು ಬಣ್ಣ. “ಇದು ನಿಮ್ಮದೇ ಸ್ಪ್ರಿಂಗ್ ಕಣಪ್ಪ, ಒಂದೂವರೆ ಸುತ್ತು ಕತ್ತರಿಸಿ ಪೇಂಟ್ ಹೊಡೆದಿದ್ದಾರೆ” ಅಂದರು. ಸುತ್ತ ಹತ್ತು ಜನ ನಿಂತಿದ್ದರು. ನನ್ನದೇ ಸ್ಪ್ರಿಂಗನ್ನ ನನಗೇ ಮಾರಿದ್ದ! ಶಾಕೂ ಅಷ್ಟೇ, ಹಳದಿ ಪೇಂಟ್ ಕೆಳಗೆ ಆಯಿಲ್ ಜಿನುಗುತ್ತಿತ್ತು. ಉಬ್ಬಿನ ಮೇಲೆ ಚಕ್ರ ಗಾಳಿಗೆ ಎದ್ದಿದ್ದರೆ ಸ್ಪ್ರಿಂಗ್ ಜಾಗ ಬಿಟ್ಟು ಸರಿದು, ನಾನು ಇವತ್ತು ಇದನ್ನ ಬರೀತಿರಲಿಲ್ಲವೇನೋ. ಓಡಿಸೋಕೆ ಬಿಡಲಿಲ್ಲ. ಒಳ್ಳೇದೇ ಮಾಡಿದರು.

ಗ್ಯಾರೇಜಿನವನಿಗೆ ಫೋನ್ ಮಾಡಿದೆ. “ಸ್ಪ್ರಿಂಗ್ ಅಂದ್ರೆ ಸ್ಪ್ರಿಂಗೇ ಸಾರ್, ಗಾಡಿ ಕೆಳಗೆ ಕೂತಿದೆಯೋ ಇಲ್ವೋ?” ಫೋಟೋ ಕಳಿಸಿದೆ. “ಯೂಟ್ಯೂಬ್ ನೋಡ್ಕೊಂಡು ಮಾತಾಡ್ಬೇಡಿ.” ದುಡ್ಡು ವಾಪಸ್ ಕೇಳಿದೆ. “ಬಿಲ್ ತೋರ್ಸಿ.” ಕೊಟ್ಟಿದ್ದೇ ಒಂದು ಬಿಳಿ ಚೀಟಿ! ಆಮೇಲೆ, “ರೇಸಿಗೆ ಹೋದ್ಮೇಲೆ ಗ್ಯಾರಂಟಿ ಇರಲ್ಲ.” ರೇಸಿಗೆ ಅಂತಲೇ ತಾನೇ ಹಾಕಿಸಿದ್ದು? ಓಡಿಸಿಯೂ ಇಲ್ಲವಲ್ಲ! ಈಗ ಫೋನೇ ಎತ್ತಲ್ಲ.

ಹಾಕಿಸೋರು ಪಕ್ಕದಲ್ಲೇ ನಿಂತು ಫಿಟ್ ಮಾಡಿಸಿ. ಹಳೇ ಸ್ಪ್ರಿಂಗ್, ಶಾಕ್ ಡಿಕ್ಕಿಯಲ್ಲಿ ಹಾಕಿಸಿಕೊಂಡೇ ಹೊರಡಿ. ಗ್ಯಾಸ್ ಶಾಕ್ ಅಂತ ಹೇಳಿದರೆ ರಾಡ್ ಒಳಗೆ ಒತ್ತಿ ಬಿಡಿ, ತಾನಾಗೇ ಮೇಲೆ ಬರಬೇಕು. ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ.

ಗಾಡಿ ಈಗ ಮನೆ ಮುಂದೆ ಇಟ್ಟಿಗೆ ಮೇಲೆ ನಿಂತಿದೆ. ಅಪ್ಪನಿಗೆ ಇನ್ನೂ ಪೂರ್ತಿ ಹೇಳಿಲ್ಲ. ಎಸ್ಟೀಮ್‌ನ ಕೊಯ್ಯದ ಕಂಪನಿ ಸ್ಪ್ರಿಂಗ್ ಸೆಟ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಬಂದು ಕಣ್ಣಾರೆ ನೋಡಿ ತಗೋತೀನಿ.