ಬಿಲ್ಲಿನಲ್ಲಿ ಮಜೂರಿಯನ್ನು ಬೇರೆಯಾಗಿ ಬರೆಯುವ ಬೀದರಿನ ಒಂದು ಬಿದ್ರಿ ಅಂಗಡಿ

ಬೀದರಿನ ಚೌಬಾರಾದ ಸುತ್ತಮುತ್ತ ಬಿದ್ರಿ ಸಾಮಾನು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿಯ ನಕ್ಷೆ ಕೂರಿಸಿದ ಸಾಮಾನು, ಮಾರುವ ಅಂಗಡಿಗಳು ಹಲವು ಇವೆ. ನಾನು ಬರೆಯುತ್ತಿರುವುದು ಅಲ್ಲಿನ ಒಂದು ಓಣಿಯಲ್ಲಿ, ಮುಂದೆ ಅಂಗಡಿ ಹಿಂದೆ ಕಾರ್ಖಾನೆ ಇಟ್ಟುಕೊಂಡು ನಡೆಯುತ್ತಿರುವ ಒಂದು ಸಣ್ಣ ಸಂಸ್ಥೆಯ ಬಗ್ಗೆ. ಕಲಬುರಗಿಯ ನಮ್ಮ ಸಾಂಸ್ಕೃತಿಕ ಸಂಘದ ಸಮಾರಂಭಕ್ಕೆ ಸ್ಮರಣಿಕೆಗಳನ್ನೂ ಮನೆಗೆ ಒಂದು ಹೂದಾನಿಯನ್ನೂ ಇಲ್ಲಿ ಮಾಡಿಸಿದೆವು. ಸಾಮಾನಿನ ಅಂದಕ್ಕಿಂತ ಮೊದಲು ಹೇಳಬೇಕಾದದ್ದು ಇವರ ಬಿಲ್ಲಿನ ವಿಷಯ. ಬೆಳ್ಳಿಯ ತೂಕ ಮತ್ತು ಆ ದಿನದ ದರ, ಎರಕದ ಖರ್ಚು, ಕೆತ್ತನೆಯ ಮಜೂರಿ, ತಿಕ್ಕಿ ಹೊಳಪು ಕೊಡುವ ಮಜೂರಿ, ಅಂಗಡಿಯ ಪಾಲು ಎಂದು ಅದರಲ್ಲಿ ಒಂದೊಂದಕ್ಕೂ ಬೇರೆ ಬೇರೆ ಸಾಲುಗಳಿವೆ. ಬಹುಕಾಲದಿಂದ ಬಿದ್ರಿ ಕೊಳ್ಳುತ್ತ ಬಂದಿರುವ ನಾನು ಇಂಥ ಬಿಲ್ಲನ್ನು ಬೇರೆಲ್ಲೂ ಕಂಡಿಲ್ಲ.

ಹೂದಾನಿಯ ಕೆಲಸ ಉತ್ತಮವಾಗಿದೆ. ಬಳ್ಳಿಯ ನಕ್ಷೆಯುದ್ದಕ್ಕೂ ಉಗುರು ಎಳೆದು ನೋಡಿದೆ; ಬೆಳ್ಳಿಯ ತಂತಿ ಎಲ್ಲಿಯೂ ಉಬ್ಬಿಲ್ಲ, ತಗ್ಗಿಲ್ಲ, ಎಲೆಯ ತುದಿಯಲ್ಲಿ ತಂತಿ ತಿರುವುವ ಕಡೆಯೂ ಬಿರುಕು ಸಿಗಲಿಲ್ಲ. ಈ ನಯ ಎಷ್ಟು ಕೈಗಳ ದುಡಿಮೆ ಎಂಬುದು ಹಿಂದಿನ ಕೋಣೆಗೆ ಹೋದವರಿಗೆ ಮಾತ್ರ ತಿಳಿಯುತ್ತದೆ. ಹೆಚ್ಚು ಸತು, ಸ್ವಲ್ಪ ತಾಮ್ರ ಕರಗಿಸಿ ಒಬ್ಬರು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಇನ್ನೊಬ್ಬರು ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರುತ್ತಾರೆ. ಮತ್ತೊಬ್ಬರು ಉಳಿಯಿಂದ ನಕ್ಷೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ ಅದರಲ್ಲಿ ಅದ್ದಿದಾಗ ಲೋಹ ಅಚ್ಚಗಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ.

ಈ ಕಲೆಗೆ ಮನ್ನಣೆ ಕಡಿಮೆಯಾಗಿಲ್ಲ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು, 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಆದರೆ ಭೌಗೋಳಿಕ ಸೂಚಕವು ಕಾಯುವುದು ಊರಿನ ಹೆಸರನ್ನು ಮತ್ತು ಸಾಮಾನಿನ ಗುಣವನ್ನು. ಅದನ್ನು ಮಾಡಿದವರಿಗೆ ವಾರದ ಕೊನೆಯಲ್ಲಿ ಎಷ್ಟು ಪಗಾರ ಸೇರಬೇಕು ಎಂಬ ವಿಚಾರ ಅದರ ವ್ಯಾಪ್ತಿಗೆ ಬರುವುದಿಲ್ಲ. ಕೆಲಸ ಬಹುತೇಕ ನಗದ ಲೆಕ್ಕದಲ್ಲಿ, ಅಂದರೆ ಒಂದು ಸಾಮಾನಿಗೆ ಇಷ್ಟು ಎಂದು ನಡೆಯುತ್ತದೆ. ಬೆಳ್ಳಿಯ ಬೆಲೆ ಏರಿದಾಗ ಅಂಗಡಿಯವರು ಬೆಳ್ಳಿ ವ್ಯಾಪಾರಿಯೊಂದಿಗೆ ಚೌಕಾಶಿ ಮಾಡಲಾರರು, ಗಿರಾಕಿಯೂ ಹೆಚ್ಚು ಕೊಡಲೊಪ್ಪುವುದಿಲ್ಲ. ಕಡಿತವೆಲ್ಲ ಕೊನೆಗೆ ಬಂದು ಬೀಳುವುದು ಉಳಿ ಹಿಡಿದವರ ಮೇಲೆ.

ಈ ಅಂಗಡಿಯ ಉಸ್ತಾದರು ನಗದ ಲೆಕ್ಕವನ್ನು ಬಿಟ್ಟಿಲ್ಲ, ಆದರೆ ಅದರ ದರ ಕಟ್ಟುವ ರೀತಿಯನ್ನು ಬದಲಿಸಿದ್ದಾರೆ. ಹೊಸ ನಕ್ಷೆಯೊಂದು ಬಂದಾಗ ಅದನ್ನು ಎಲ್ಲರಿಗಿಂತ ಚುರುಕಾದ ಕೈಗೆ ಕೊಡದೆ, ನಡುಮಟ್ಟದ ಅನುಭವವಿರುವ ಒಬ್ಬರಿಗೆ ಕೊಟ್ಟು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ವಹಿಯಲ್ಲಿ ಬರೆದಿಡುತ್ತಾರೆ. ಆ ವೇಗದಲ್ಲಿ ಇಡೀ ದಿನ ದುಡಿದವರಿಗೆ ಸರ್ಕಾರ ಗೊತ್ತುಮಾಡಿದ ದಿನದ ಕನಿಷ್ಠ ವೇತನಕ್ಕಿಂತ ಹೆಚ್ಚು ಸಿಗುವಂತೆ ನಗದ ದರವನ್ನು ನಿಗದಿ ಮಾಡುತ್ತಾರೆ. ಪ್ರತಿ ವರ್ಷ ಏಪ್ರಿಲ್ 1ರಿಂದ ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುವಾಗ ಇವರ ವಹಿಯ ದರಗಳೂ ಬದಲಾಗುತ್ತವೆ. ಎರಕದಲ್ಲಿ ರಂಧ್ರ ಉಳಿದು ಸಾಮಾನು ಕೆಟ್ಟರೆ, ಅಲ್ಲಿಯವರೆಗೆ ಕೆತ್ತಿದವರ ಮಜೂರಿಯನ್ನು ಕಡಿಯುವುದಿಲ್ಲ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಅಂಶ, ಏಕೆಂದರೆ ಬೇರೆಯವರ ಎರಕದ ದೋಷಕ್ಕೆ ಕೆತ್ತುವವರು ತಮ್ಮ ಎರಡು ದಿನದ ಅನ್ನವನ್ನು ಕಳೆದುಕೊಳ್ಳುವ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ.

ಇದರಲ್ಲಿ ಹೆಚ್ಚಿನದೇನೂ ಔದಾರ್ಯವಲ್ಲ. ನಗದ ಲೆಕ್ಕದಲ್ಲಿ ದುಡಿಯುವವರಿಗೂ, ಸಮಯದ ಲೆಕ್ಕದ ಕನಿಷ್ಠ ವೇತನ ನಿಗದಿಯಾಗಿದ್ದಲ್ಲಿ ಅದಕ್ಕಿಂತ ಕಡಿಮೆ ಕೊಡಬಾರದೆಂದು 1948ರ ಕನಿಷ್ಠ ವೇತನ ಕಾಯ್ದೆಯ 17ನೆಯ ಕಲಮು ಹೇಳಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಅದೇ ನಿಯಮವಿದೆ. ಸಣ್ಣ ಕಲಾ ಸಂಸ್ಥೆಗಳು ಕಾನೂನಿನಿಂದ ಪೂರ್ತಿ ಹೊರಗಿವೆ ಎಂಬ ತಿಳಿವಳಿಕೆ ನಮ್ಮ ಭಾಗದಲ್ಲಿ ಬಹಳವಿದೆ. ಭವಿಷ್ಯನಿಧಿಗೆ ಸಾಮಾನ್ಯವಾಗಿ 20 ಜನರೂ ನೌಕರರ ವಿಮೆಯಾದ ಇಎಸ್‌ಐಗೆ 10 ಜನರೂ ಇರಬೇಕೆಂಬ ಮಿತಿಯಿಂದ ಈ ತಪ್ಪು ತಿಳಿವಳಿಕೆ ಹುಟ್ಟಿರಬಹುದು. ಕನಿಷ್ಠ ವೇತನಕ್ಕೆ ಅಂಥ ತಲೆ ಎಣಿಕೆಯ ಮಿತಿ ಇಲ್ಲ.

ಗಿರಾಕಿಗಳ ವಿಷಯದಲ್ಲಿಯೂ ಇವರ ನಿಲುವು ಸ್ಪಷ್ಟವಾಗಿದೆ. ಸ್ಮರಣಿಕೆಗಳ ಸಂಖ್ಯೆ ಹೆಚ್ಚಿದ್ದರಿಂದ ದರ ಇಳಿಸಬೇಕೆಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿದಾಗ ಉಸ್ತಾದರು, “ಅಂಗಡಿ ಪಾಲಿನಾಗ ಬೇಕಾದ್ರ ಬಿಡ್ತೀನ್ರಿ ಸರ್, ಮಜೂರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ” ಎಂದರು. ಅಂತೆಯೇ ತಮ್ಮ ಪಾಲಿನಲ್ಲಿ ಸ್ವಲ್ಪ ಬಿಟ್ಟು, ಮಜೂರಿಯ ಸಾಲನ್ನು ಹಾಗೆಯೇ ಉಳಿಸಿದರು. ನಮಗೆ ಬಿದ್ದ ಬೆಲೆ ಬೇರೆ ಅಂಗಡಿಯಲ್ಲಿ ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು, ಮತ್ತು ಅದು ನ್ಯಾಯವಾದ ಬೆಲೆ. ವೇದಿಕೆಯ ಮೇಲೆ ಕಲಾವಿದರಿಗೆ ಶಾಲು ಹೊದಿಸಿ ಕೈಗಿಡುವ ಸ್ಮರಣಿಕೆ ಇನ್ನೊಬ್ಬ ಕಲಾವಿದರ ಪಗಾರ ಮುರಿದು ಬಂದದ್ದಾಗಿರಬಾರದು.

ಕೊರತೆಗಳೂ ಇವೆ, ಮತ್ತು ಅವು ಸಣ್ಣವಲ್ಲ. ಉಪ್ಪುಕಾಗದದಿಂದ ತಿಕ್ಕುವ ಕೆಲಸವನ್ನು ಹೆಂಗಸರು ಮನೆಗೆ ಒಯ್ದು ಮಾಡುತ್ತಾರೆ. ಕೆತ್ತನೆಗೆ ಸಮಯ ಅಳೆದ ಹಾಗೆ ಈ ಕೆಲಸಕ್ಕೆ ಅಳೆದಿಲ್ಲ. ಹಳೆಯ ದರವೇ ನಡೆಯುತ್ತಿದೆ ಎಂದು ಉಸ್ತಾದರೇ ಒಪ್ಪಿಕೊಂಡರು. ಸಾಮಗ್ರಿಯನ್ನು ಮನೆಗೆ ಒಯ್ದು ದುಡಿಯುವವರನ್ನೂ 1948ರ ಕಾಯ್ದೆ ನೌಕರರೆಂದೇ ಪರಿಗಣಿಸಿತ್ತು. ತಿಕ್ಕುವ ಮಜೂರಿಗೆಂದು ಬಿಲ್ಲಿನಲ್ಲಿ ಸಾಲು ಇದ್ದ ಮಾತ್ರಕ್ಕೆ ಆ ಸಾಲಿನ ಮೊತ್ತ ನ್ಯಾಯವಾದದ್ದೆಂದು ಆಗುವುದಿಲ್ಲ. ಕಲಿಯಲು ಬರುವ ಹುಡುಗರಿಗೆ ಊಟ ಮತ್ತು ಬಸ್ಸಿನ ಖರ್ಚು ಮಾತ್ರ ಸಿಗುತ್ತದೆ. ಅವರು ಅರದಿಂದ ಉಜ್ಜಿದ ಸಾಮಾನು ಮಾರಾಟಕ್ಕೆ ಹೋಗುತ್ತಿರುವಾಗ ಅದನ್ನು ಬರೀ ಕಲಿಕೆ ಎನ್ನಲಾಗದು. ಕಡಿಮೆ ದರದಲ್ಲಾದರೂ ಲೆಕ್ಕ ಹಿಡಿದು ಕೊಡಬೇಕು. ಈ ಊರಿನ ಎಳೆಯರು ಉಳಿ ಬಿಟ್ಟು ಹೈದರಾಬಾದಿನ ಬಸ್ಸು ಹತ್ತುವುದನ್ನು ತಡೆಯಬೇಕೆಂದರೆ ಮೊದಲ ದಿನದಿಂದಲೇ ಅವರ ಕೈಗೆ ಏನಾದರೂ ಸಿಗಬೇಕು. ಎರಕದ ಕೋಣೆಯಲ್ಲಿ ಹೊಗೆ ಹೊರಗೆ ಎಳೆಯುವ ಫ್ಯಾನ್ ಒಂದೇ ಇದ್ದು, ಅರದ ಪುಡಿ ಗಾಳಿಯಲ್ಲಿ ತೇಲುತ್ತಿರುತ್ತದೆ.

ಇನ್ನೊಂದು ತೊಂದರೆ ಭಾಗಶಃ ಗಿರಾಕಿಗಳಿಂದ ಆಗುವಂಥದ್ದು. ಪಗಾರ ಶನಿವಾರ ಸಂಜೆ ಕೊಡುವುದು ಇಲ್ಲಿನ ರೂಢಿ. ಸಂಸ್ಥೆಗಳು ಸಾಮಾನು ಒಯ್ದು ತಿಂಗಳುಗಟ್ಟಲೆ ಬಿಲ್ಲು ಬಾಕಿ ಇಟ್ಟಾಗ ಪಗಾರ ಕಂತುಕಂತಾಗಿ ಹೋಗುತ್ತದೆ, ಆಗ ಕೆಲಸಗಾರರು ಕಿರಾಣಿ ಅಂಗಡಿಯಲ್ಲಿ ಉದ್ರಿ ಹೇಳಬೇಕಾಗುತ್ತದೆ. ಮುಂಗಡದ ಒಂದು ಪಾಲನ್ನು ಪಗಾರಕ್ಕೆಂದೇ ತೆಗೆದಿಡುವ ವ್ಯವಸ್ಥೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅಂಗಡಿ ಇದನ್ನು ಸರಿಪಡಿಸಿಕೊಳ್ಳಲೇಬೇಕು.

ಇಷ್ಟರ ಮೇಲೆಯೂ ಬಿದ್ರಿ ಮಾಡಿಸುವವರಿಗೆ ನಾನು ಈ ಅಂಗಡಿಯನ್ನೇ ಹೇಳುತ್ತೇನೆ. ತಯಾರಿದ್ದ ಸಾಮಾನು ಕಡಿಮೆ, ಹೆಚ್ಚಿನದನ್ನು ಹೇಳಿ ಮಾಡಿಸಬೇಕು. ಸಮಾರಂಭಕ್ಕೆ ಬೇಕಿದ್ದರೆ ಒಂದೂವರೆ ತಿಂಗಳು ಮೊದಲೇ ಹೋಗುವುದು ಒಳ್ಳೆಯದು, ಅವಸರ ಮಾಡಿದರೆ ರಾತ್ರಿ ಕಣ್ಣು ಕೆಡಿಸಿಕೊಂಡು ಕೆತ್ತಬೇಕಾದವರು ಕೆಲಸಗಾರರೇ. ಅರ್ಧ ಹಣ ಮುಂಗಡ ಕೇಳುತ್ತಾರೆ, ಉಳಿದದ್ದನ್ನು ಸಾಮಾನು ತೆಗೆದುಕೊಳ್ಳುವಾಗಲೇ ಕೊಟ್ಟುಬಿಡಿ. ಶುಕ್ರವಾರ ಮಧ್ಯಾಹ್ನ ಕಾರ್ಖಾನೆ ನಡೆಯುವುದಿಲ್ಲ. ಉಳಿದ ದಿನಗಳಲ್ಲಿ ಕೇಳಿದವರಿಗೆ ಮಜೂರಿಯ ವಹಿಯನ್ನು ತೆರೆದು ತೋರಿಸುತ್ತಾರೆ.